ಮಾವಶಿಯನ್ನು ಕುಳ್ಳಿರಿಸಿದ ದಿನ

ಸಾಂಗಲಿಯಿಂದ ಮಿರಜಕ್ಕೆ ಹೋಗುವ ರಸ್ತೆಯಲ್ಲಿ, ವಿಶ್ರಾಮಬಾಗ ದಾಟಿ ಸ್ವಲ್ಪ ಮುಂದೆ, ಬರೀ ಬಾಗಿಲುಗಳೇ ಸಾಲುಸಾಲಾಗಿ ನಿಂತ ಒಂದು ಬಯಲು ಸಿಗುತ್ತದೆ. ಗೋಡೆ ಇಲ್ಲ, ಮಾಳಿಗೆ ಇಲ್ಲ, ಒಳಗೆ ಯಾರೂ ಇಲ್ಲ. ಅದು ನನ್ನ ಅಂಗಡಿ. ಹಳೇ ವಾಡೆಗಳನ್ನು ಕೆಡವುವಾಗ ಸಾಗವಾನಿ ಬಾಗಿಲು, ಚೌಕಟ್ಟು, ಕಂಬ ಎತ್ತಿಕೊಂಡು ಬಂದು, ತೊಳೆದು, ಎಣ್ಣೆ ಉಣ್ಣಿಸಿ, ಹೊಸ ಬಂಗಲೆ ಕಟ್ಟುವವರಿಗೆ ಮಾರುತ್ತೇನೆ. ಏಳನೇ ಇಯತ್ತೆಗೆ ಶಾಲೆ ಬಿಟ್ಟವನು ನಾನು, ಅದೂ ಮರಾಠಿ ಶಾಲೆ. ಉಳಿದದ್ದನ್ನೆಲ್ಲ ಚೌಕಾಶಿಯೇ ಕಲಿಸಿತು. ಗಿರಾಕಿ ಯಾವ ಬಾಗಿಲನ್ನು ತಟ್ಟಿ ತಟ್ಟಿ ನೋಡುತ್ತಾನೋ ಅದು ಅವನಿಗೆ ಬೇಕಿರುವುದಿಲ್ಲ. ಯಾವುದಕ್ಕೆ ಬೆನ್ನು ಮಾಡಿ ನಿಲ್ಲುತ್ತಾನೋ ಅದರ ಮೇಲೆಯೇ ಅವನ ಜೀವ. ಇದನ್ನು ನೀವೂ ನೆನಪಿಡಿ, ಮಕ್ಕಳ ಲಗ್ನ ಕೂಡಿಸುವಾಗಲೂ ಉಪಯೋಗಕ್ಕೆ ಬರುತ್ತದೆ.

ಮಾವಶಿ ಮಧ್ಯಾಹ್ನ ಊಟ ಆದ ಮೇಲೆ ಮಾಧವನಗರದಿಂದ ಶೇರ್ ರಿಕ್ಷಾ ಹಿಡಿದು ಅಲ್ಲಿಗೆ ಬರುತ್ತಿದ್ದಳು. ನೇರವಾಗಿ ನನ್ನ ಖುರ್ಚಿಯ ಹತ್ತಿರ ಬರಬಹುದಿತ್ತು, ದಾರಿ ಇತ್ತು. ಆದರೆ ಅವಳು ಒಂದೊಂದೇ ಬಾಗಿಲು ಹಾದು ಬರುತ್ತಿದ್ದಳು. ಪ್ರತಿ ಚೌಕಟ್ಟಿನ ಕೆಳಗೂ ತಲೆ ತಗ್ಗಿಸಿ, ಹೊಸ್ತಿಲನ್ನು ತುಳಿಯದಂತೆ ಕಾಲೆತ್ತಿ ದಾಟಿ, ಯಾರದೋ ಮನೆಗೆ ಬಂದವರಂತೆ ಒಂದು ಕ್ಷಣ ನಿಂತು ನೋಡಿ, ಮತ್ತೊಂದು ಬಾಗಿಲಿಗೆ ಹೋಗುವಳು. ಬಿಸಿಲು, ಎಣ್ಣೆಯ ವಾಸನೆ, ಮರದ ಪುಡಿ ಗಾಳಿಯಲ್ಲಿ ತೇಲುವುದು, ಅದರ ನಡುವೆ ಬಿಳಿ ತಲೆಯ ಒಬ್ಬ ಹೆಂಗಸು ಬಾಗಿಲುಗಳಿಂದ ಬಾಗಿಲುಗಳಿಗೆ ಹಾಯುವುದು. ನಾನು ಲೆಕ್ಕ ಬಿಟ್ಟು ನೋಡುತ್ತ ಕೂಡುತ್ತಿದ್ದೆ. ಎಷ್ಟೋ ಸಲ ಅವಳು ಯಾವುದೋ ಒಂದು ಬಾಗಿಲ ಹಿಂದೆ ಹೋದವಳು ಹೊರಗೇ ಬರುವುದಿಲ್ಲ ಅನ್ನಿಸುತ್ತಿತ್ತು.

"ಇಷ್ಟು ಮನಿ ಹೊಕ್ಕು ಬಂದೆ, ಒಬ್ಬರೂ ಚಹಾ ಕೊಡಲಿಲ್ಲ ನೋಡು," ಎನ್ನುವಳು ಕೊನೆಗೆ.

ಅವಳು ನನ್ನ ತಾಯಿಯ ತಂಗಿ. ಮಿರಜದ ಪೂರ್ವಕ್ಕಿರುವ ಖಂಡೇರಾಜುರಿಗೆ ಕೊಟ್ಟಿದ್ದರು. ಮಕ್ಕಳಾಗಲಿಲ್ಲವೆಂದು ಗಂಡನ ಮನೆಯವರು ಎರಡನೆಯವಳನ್ನು ತಂದರು. ತಂದ ದಿನವೇ ಮಾವಶಿ ಒಂದು ಗಂಟು ಕಟ್ಟಿಕೊಂಡು ಮಾಧವನಗರಕ್ಕೆ, ಅಕ್ಕನ ಮನೆಗೆ ಬಂದಳು. ಮುಂದೆ ಸ್ವಲ್ಪ ವರ್ಷಕ್ಕೆ ಅಕ್ಕ ತೀರಿದಳು, ಅಕ್ಕನ ಮಗನಾಗಿ ನಾನು ಅವಳ ಸೆರಗಿಗೆ ಉಳಿದೆ. ಗಿರಣಿಯಲ್ಲಿ ನೂಲು ಸುತ್ತುವ ಕೆಲಸ ಹಿಡಿದು ನನ್ನನ್ನು ಬೆಳೆಸಿದಳು. ಕನ್ನಡದ ಅಕ್ಷರ ಕಲಿಸಿದವಳೂ ಅವಳೇ, ಒಲೆಯ ಮುಂದಿನ ಬೂದಿಯಲ್ಲಿ ನನ್ನ ಬೆರಳು ಹಿಡಿದು. ಗಂಡ ಬಿಟ್ಟವಳು ಎಂದು ಯಾರಾದರೂ ಅಂದರೆ, "ಬಿಟ್ಟವಳು ನಾ, ಅಂವಲ್ಲ," ಎಂದು ತಿದ್ದುವಳು. ಆದರೆ ಕೋರ್ಟಿಗೆ ಹೋಗಿ ಬಿಡುಗಡೆ ಮಾಡಿಸಿಕೊಳ್ಳುವ ಮಾತು ಇಬ್ಬರೂ ಎತ್ತಲಿಲ್ಲ. ಕಾಗದದ ಮೇಲೆ ಅವಳು ಕೊನೆಯತನಕ ಖಂಡೇರಾಜುರಿಯ ಸೊಸೆಯೇ.

ಒಂದು ಮಧ್ಯಾಹ್ನ ಹೀಗೇ ಬಂದು, ಮಿರಜದ ವಾಡೆಯೊಂದರಿಂದ ತಂದ ದೊಡ್ಡ ಬಾಗಿಲಿನ ನೆರಳಿನಲ್ಲಿ ಕೂತು, ಎಲೆ ಅಡಿಕೆ ಹಾಕಿಕೊಂಡು ಹೇಳಿದಳು:

"ನಾ ಸತ್ರ ಸುಡಬ್ಯಾಡ. ನಮ್ಮ ಪದ್ಧತಿ ಪ್ರಕಾರ ಕುಂದರಿಸಿ ಮಣ್ಣಿಗೆ ಇಡು. ಆದ್ರ ಮಾಧವನಗರದಾಗ ಇಡು. ಖಂಡೇರಾಜುರಿಗೆ ಒಯ್ಯಬ್ಯಾಡ."

"ಯಾಕ ಮಾವಶಿ?"

"ಅಲ್ಲೆ ಹೊಲದಾಗ ಅಕಿ ಕುಂತಾಳ." ಎರಡನೆಯವಳು ಆಗಲೇ ತೀರಿ, ಅವಳನ್ನು ಆ ಹೊಲದ ಬದುವಿನ ಮೇಲೆ ಮಣ್ಣು ಮಾಡಿದ್ದರು. "ಇದ್ದಾಗ ಒಂದ ಒಲಿ ಮುಂದ ಆಗಲಿಲ್ಲ, ಸತ್ತ ಮ್ಯಾಲೆ ಒಂದ ಬದುವಿನ ಮ್ಯಾಲೆ ಆಕ್ಕೈತೇನು?"

"ಹಂಗಿದ್ರ ಬರದು ಕೊಡು."

"ನಾ ಕನ್ನಡದಾಗ ಬರೀತೀನಿ. ಇಲ್ಲೆ ಓದೂವರು ಯಾರು? ಸತ್ತ ಮ್ಯಾಲೆ ನಾನ ಎದ್ದು ಓದಿ ಹೇಳಬೇಕಾಗತೈತಿ."

ನಾನು ನಕ್ಕೆ. ಅಲ್ಲಿಗೆ ಮಾತು ಮುಗಿಯಿತು. ನೀವು ನಗಬೇಡಿ, ಬರೆಸಿಕೊಳ್ಳಿ. ಬರೆಸಿಕೊಂಡದ್ದನ್ನು ಮೃತ್ಯುಪತ್ರದ ಜೊತೆ ಕಪಾಟಿನಲ್ಲಿ ಇಡಬೇಡಿ. ಮೃತ್ಯುಪತ್ರ ತೆಗೆದು ಓದುವುದು ದಿನಕರ್ಮ ಎಲ್ಲ ಮುಗಿದು ನೆಂಟರು ಹೊರಟ ಮೇಲೆ, ಅಷ್ಟರಲ್ಲಿ ಮಣ್ಣಿನ ಮೇಲೆ ಹುಲ್ಲು ಬಂದಿರುತ್ತದೆ. ದವಾಖಾನೆಯ ಕಾಗದದ ಜೊತೆ ಇಡಿ. ಅದಕ್ಕಿಂತ ಮೇಲು, ಯಾರು ಅಡ್ಡ ಬರಬಹುದೋ ಅವರ ಎದುರಿಗೇ ಹೇಳಿಸಿ.

ಅವಳು ಹೋದದ್ದು ಮಿರಜದ ಒಂದು ದವಾಖಾನೆಯಲ್ಲಿ, ಬೆಳಕು ಹರಿಯುವ ಹೊತ್ತಿಗೆ. ಕಿಟಕಿಯ ಹೊರಗೆ ಬೇವಿನ ಮರದಲ್ಲಿ ಗುಬ್ಬಿಗಳ ಗದ್ದಲ ಏಳುತ್ತಿತ್ತು. ಅವಳ ಉಸಿರು ಯಾವಾಗ ನಿಂತಿತೋ ನನಗೆ ತಿಳಿಯಲಿಲ್ಲ. ಗುಬ್ಬಿಗಳು ಒಮ್ಮೆಲೇ ಹಾರಿ ಹೋದಾಗ ಕೋಣೆ ಬಹಳ ದೊಡ್ಡದಾಯಿತು, ಆಗ ತಿಳಿಯಿತು. ನರ್ಸ್ ಬಂದು ನೋಡಿ, ಹಣೆಯ ಮೇಲಿನ ಕೂದಲು ಸರಿಸಿ, ಹೊರಗೆ ಹೋದಳು. ನಾನು ಕೂತೇ ಇದ್ದೆ. ಜೀವನದಲ್ಲಿ ಮೊದಲ ಸಲ ಮುಂದೇನು ಎಂದು ಯೋಚನೆ ಮಾಡದೆ ಕೂತಿದ್ದೆ. ಆ ಬೆಳಕು ಈಗಲೂ ನೆನಪಿದೆ, ನೀರಿನೊಳಗಿಂದ ಬಂದಂಥ ಬೆಳಕು.

ಆಮೇಲೆ ಎರಡು ಫೋನ್ ಮಾಡಿದೆ.

ಮೊದಲನೆಯದು ಮಾಧವನಗರದಲ್ಲಿ ಅವಳ ಬಾಜೂ ಮನೆಯ ವೈನಿಗೆ. ಗಿರಣಿಯಲ್ಲಿ ಮಾವಶಿಯ ಜೊತೆಗೇ ಕೆಲಸ ಮಾಡಿದವಳು. ಅತ್ತಳು, ಮೂಗು ಒರೆಸಿಕೊಂಡಳು, ಆಮೇಲೆ ಕೇಳಿದಳು:

"ಎಷ್ಟೊತ್ತಾತು ಹೋಗಿ? ಲಗೂ ತರ್ರಿ. ಕೈಕಾಲು ಬಿಗೀತು ಅಂದ್ರ ಕುಂದರಸಾಕ ಬರೂದಿಲ್ಲ."

ಲಿಂಗವಂತರಾದ ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಚಕ್ಕಳಮಕ್ಕಳ ಹಾಕಿ ಕುಳ್ಳಿರಿಸಿ, ಅಂಗೈಯಲ್ಲಿ ಲಿಂಗ ಇಟ್ಟು, ಕುಳಿತ ಹಾಗೆಯೇ ಮಣ್ಣಿಗೆ ಇಳಿಸುತ್ತಾರೆ. ಮೈ ಮೆತ್ತಗಿರುವಾಗಲೇ ಈ ಕೆಲಸ ಆಗಬೇಕು. ಬೇರೆಯವರಲ್ಲಿ ಎಲ್ಲಿ, ಹೇಗೆ ಎಂದು ಸಂಜೆಯ ತನಕ ಜಗಳಾಡಲು ವೇಳೆ ಇರುತ್ತದೆ. ನಮ್ಮಲ್ಲಿ ಹೆಣವೇ ಗಡಿಯಾರ.

ಎರಡನೆಯ ಫೋನ್ ಖಂಡೇರಾಜುರಿಗೆ, ಮಾವಶಿಯ ಗಂಡನಿಗೆ. ಅವರನ್ನು ನಾನು ಕಾಕಾ ಎನ್ನುತ್ತೇನೆ. ಲಗ್ನ, ಜಾತ್ರೆ, ಸಾವುಗಳಲ್ಲಿ ಕಂಡರೆ ನಮಸ್ಕಾರ, ಅಷ್ಟೇ ಸಂಬಂಧ. ತಿಳಿಸುವುದು ನನ್ನ ಧರ್ಮ ಎಂದು ತಿಳಿಸಿದೆ. ಅವರ ಹಿಂದೆ ಆಡೊಂದು ಒದರುತ್ತಿತ್ತು. "ಆತು," ಎಂದರು. ಇಟ್ಟರು.

ಅವರ ಊರಿನ ಪದ್ಧತಿ ನನಗೆ ಗೊತ್ತಿರಬೇಕಿತ್ತು. ಮನೆಯ ಸೊಸೆ ಸತ್ತ ಸುದ್ದಿ ಬಂತೆಂದರೆ ಅಲ್ಲಿ ಯಾರೂ ಯಾರನ್ನೂ ಕೇಳುವುದಿಲ್ಲ, ಸಲಿಕೆ ಹಿಡಿದು ಹೊಲಕ್ಕೆ ಹೋಗುತ್ತಾರೆ. ನಾನು ಸುದ್ದಿ ಮುಟ್ಟಿಸಿದೆ ಎಂದುಕೊಂಡಿದ್ದೆ. ನಾನು ಕುಣಿ ತೋಡಲು ಹೇಳಿದೆ ಎಂದು ಅವರು ತಿಳಿದುಕೊಂಡರು.

ಇದು ನನಗೆ ತಿಳಿದದ್ದು, ದವಾಖಾನೆಯ ಕಾಗದಪತ್ರದ ಕಿಟಕಿಯ ಮುಂದೆ ಸಾಲಿನಲ್ಲಿ ನಿಂತಿದ್ದಾಗ. ಕಾಕಾನ ಮಗ, ಎಂದರೆ ಎರಡನೆಯವಳ ಮಗ, ಫೋನ್ ಮಾಡಿದ.

"ದಾದಾ, ಕುಣಿ ತೋಡೂದು ಮುಗೀತು. ಗಾಡಿ ಸೀದಾ ಇಲ್ಲೇ ತಗೊಂಡು ಬರ್ರಿ. ಅಯ್ಯನೋರಿಗೂ ಹೇಳೇವಿ."

"ಯಾರನ್ನ ಕೇಳಿ ತೋಡಿದಿರಿ?"

"ನಮ್ಮ ಮನಿ ಮನಶ್ಯಾ, ನಮ್ಮ ಹೊಲ. ಯಾರನ್ನ ಕೇಳೂದು?"

ನಾನು ಸಾಲು ಬಿಟ್ಟು, ಅಂಗಳದ ಕಟ್ಟೆಯ ಮೇಲೆ ಕೂತು, ವಿಶ್ರಾಮಬಾಗದ ಒಬ್ಬ ವಕೀಲರಿಗೆ ಫೋನ್ ಮಾಡಿದೆ. ಅವರ ಮನೆಯ ಮುಂಬಾಗಿಲು ನನ್ನಿಂದ ಹೋದದ್ದು. ವಕೀಲರನ್ನು, ಡಾಕ್ಟರರನ್ನು ಗಿರಾಕಿ ಮಾಡಿಕೊಳ್ಳಿ; ಕಷ್ಟ ಬಂದಾಗ ಹೊತ್ತಲ್ಲದ ಹೊತ್ತಿನಲ್ಲಿ ಫೋನ್ ಎತ್ತುತ್ತಾರೆ.

"ಸಾಹೇಬ್ರ, ಕಾಯದೆ ಏನೈತಿ? ಮಾವಶಿ ಯಾರ ಹಕ್ಕಿನಾಗ ಬರ್ತಾಳ?"

ಅವರು ಇನ್ನೂ ಹಲ್ಲು ಉಜ್ಜಿರಲಿಲ್ಲ ಅನ್ನಿಸುತ್ತದೆ, ನಿದ್ದೆಯ ದನಿಯಲ್ಲಿ ಹೇಳಿದರು: "ಹೆಣ ಅಂದ್ರ ಆಸ್ತಿ ಅಲ್ಲ ನೋಡ್ರಿ. ಯಾರ ಹೆಸರಲೇನೂ ಇರೂದಿಲ್ಲ. ಇಂಥವರಿಗೇ ಹಕ್ಕು ಅಂತ ಒಂದ ಸಾಲಿನ ಉತ್ತರ ನಮ್ಮ ಕಾಯದೆ ಪುಸ್ತಕದಾಗ ಇಲ್ಲ. ರೂಢಿ ನಡೀತೈತಿ. ಗಂಡ ಅಥವಾ ಹೆಂಡ್ತಿ, ಆಮ್ಯಾಲೆ ಮಕ್ಕಳು, ಆಮ್ಯಾಲೆ ಹತ್ತಿರದವರು. ಲಗ್ನ ಮುರದಿಲ್ಲ ಅಂದ್ರ ಗಂಡನ ಮಾತಿಗೆ ತೂಕ ಜಾಸ್ತಿ."

"ನಲವತ್ತು ವರ್ಷ ಒಂದ ಮನ್ಯಾಗ ಇಲ್ಲಲ್ರೀ."

"ಅದನ್ನೂ ನೋಡತಾರ. ತೀರಿಕೊಂಡವರ ಇಚ್ಛಾ ಏನಿತ್ತು, ಯಾರು ನೋಡಿಕೊಂಡ್ರು, ಎಲ್ಲಾ ನೋಡತಾರ. ಆದ್ರ ಕೋರ್ಟು ಬಾಗಲಾ ತಗಿಯೂದ್ರಾಗ ನಿಮ್ಮ ಮಾವಶಿ ಬಿಗಿದು ಕಟ್ಟಿಗಿ ಆಗಿರ್ತಾಳ. ನೀವು ವ್ಯಾಪಾರಸ್ಥರು, ಕುಂತು ಬಗೀಹರಸ್ರಿ."

ಮತ್ತೆ ಸಾಲಿಗೆ ಬಂದೆ. ಕಿಟಕಿಯ ಒಳಗಿದ್ದವನು ಮರಾಠಿಯಲ್ಲಿ ಕೇಳಿದ, ನೀವು ಇವರಿಗೆ ಯಾರು? ಅಕ್ಕನ ಮಗ ಎಂದೆ. ಗಂಡ? ಇದ್ದಾರೆ, ಹಳ್ಳಿಯಲ್ಲಿ ಎಂದೆ. ಅವನು ತಲೆ ಎತ್ತಿ ನೋಡಿ, ಭರ್ತಿ ಮಾಡಿದವರು ಯಾರು ಎಂದ. ನಾನೇ ಎಂದೆ. ಸಹಿ ಮಾಡಿ ಎಂದ. ಅಷ್ಟೇ. ಜಗತ್ತಿನಲ್ಲಿ ಬಹಳಷ್ಟು ಹಕ್ಕುಗಳು ಹೀಗೇ, ಆಸ್ಪತ್ರೆಗೆ ಕರೆದುಕೊಂಡು ಬಂದವನ ಕೈಗೆ ಬರುತ್ತವೆ. ಕೊಡುವವರು ಕೊಟ್ಟುಬಿಡುತ್ತಾರೆ, ಉಳಿಸಿಕೊಳ್ಳುವುದು ನಿಮ್ಮ ಪಾಲಿನದು.

ಗಾಡಿಯ ಡ್ರೈವರ್ ಎಲ್ಲಿಗೆ ಎಂದು ಕೇಳಿದ. ಒಂದು ದಾರಿ ಪೂರ್ವಕ್ಕೆ, ಖಂಡೇರಾಜುರಿಗೆ. ಇನ್ನೊಂದು ಪಶ್ಚಿಮಕ್ಕೆ, ಮಾಧವನಗರಕ್ಕೆ. "ಮಾಧವನಗರ," ಎಂದೆ.

ಆ ದಾರಿಯನ್ನು ನಾನು ಸಾವಿರ ಸಲ ಓಡಾಡಿದ್ದೇನೆ. ಅವತ್ತು ಅದು ಬೇರೆ ಯಾವುದೋ ಊರಿನ ದಾರಿಯಾಗಿತ್ತು. ಮಾವಶಿ ಬಿಳಿ ಬಟ್ಟೆಯಲ್ಲಿ ಮಲಗಿದ್ದಳು, ಗಾಡಿ ತೂಗಿದಾಗ ಅವಳೂ ಸ್ವಲ್ಪ ತೂಗುತ್ತಿದ್ದಳು, ರೈಲಿನಲ್ಲಿ ನಿದ್ದೆ ಹೋದವರ ಹಾಗೆ. ಹೊರಗೆ ಕಾಲೇಜಿಗೆ ಹೋಗುವ ಹುಡುಗಿಯರು, ಹಾಲಿನ ಕ್ಯಾನು, ಪೋಹೆಯ ಗಾಡಿಯ ಹೊಗೆ. ನನ್ನ ಅಂಗಡಿ ಬಂತು. ಬೆಳಗಿನ ಬಿಸಿಲು ಎಲ್ಲ ಬಾಗಿಲುಗಳಿಂದ ಒಮ್ಮೆಲೇ ಹಾದು ರಸ್ತೆಯ ಮೇಲೆ ಉದ್ದುದ್ದ ಬಿದ್ದಿತ್ತು. ಗಾಡಿ ಆ ಬೆಳಕಿನ ತುಂಡುಗಳ ಮೇಲೆ ಹಾಯ್ದು ಹೋಯಿತು. ಅವಳ ಪಾದ ಮುಟ್ಟಿ ನೋಡಿದೆ. ಇನ್ನೂ ಮೆತ್ತಗಿತ್ತು.

ಮನೆ ಮುಟ್ಟಿದಾಗ ಓಣಿಯ ಹೆಂಗಸರು ಕಾಯುತ್ತಿದ್ದರು. ಗಂಡಸರನ್ನು ಹೊರಗೆ ಹಾಕಿ ಬಾಗಿಲು ಹಾಕಿಕೊಂಡರು. ನೀರಿನ ಸದ್ದು, ಬಳೆಗಳ ಸದ್ದು, ನಡುನಡುವೆ ವೈನಿಯ ದನಿ: "ಸಾವಕಾಶ, ಅಕಿ ಮೊಣಕಾಲು ನೋಯ್ತಿದ್ದುವು." ಬಾಗಿಲು ತೆರೆದಾಗ ಮಾವಶಿ ಗೋಡೆಗೆ ಆತು ಕೂತಿದ್ದಳು. ಹಸಿರು ಇಳಕಲ್ ಸೀರೆ, ಹಣೆಗೆ ವಿಭೂತಿ, ಅಂಗೈಯಲ್ಲಿ ಲಿಂಗ. ತಲೆ ಬಾಗದಂತೆ ಮೆತ್ತನೆ ಬಟ್ಟೆಯಿಂದ ಹಿಂದಿನ ಗೂಟಕ್ಕೆ ಕಟ್ಟಿದ್ದರು. ಯಾರಾದರೂ ಬರುವವರಿದ್ದಾರೆ, ಬರಲಿ, ಮಾತಾಡೋಣ ಎಂದು ಕೂತ ಹಾಗೆ ಇದ್ದಳು.

ಬಂದರು. ಕಾಕಾ, ಅವರ ಮಗ, ಊರಿನ ಇನ್ನೂ ಕೆಲವರು, ಟೆಂಪೋದಲ್ಲಿ. ಕಾಕಾ ಧೋತರ ಎತ್ತಿ ಹಿಡಿದು ಇಳಿದರು, ಓಣಿಯಲ್ಲಿ ಅನುಮಾನಿಸದೆ ನಡೆದು, ಸರಿಯಾಗಿ ಅದೇ ಮನೆಯ ಹೊಸ್ತಿಲಿಗೆ ಬಂದು ನಿಂತರು. ಒಳಗೆ ಬರಲಿಲ್ಲ.

"ಒಳಗ ಬರ್ರಿ ಕಾಕಾ. ಕುಂದ್ರಿ."

"ಇಲ್ಲೇ ಇರ್ತೇನಿ."

ಮಗ ಬಂದು ಅವರ ಪಕ್ಕದಲ್ಲಿ ನಿಂತ. "ದಾದಾ, ಹೇಳಿದ್ನಿ ಇಲ್ಲ? ಇಲ್ಲೆ ಯಾಕ ತಂದ್ರಿ? ಹಳ್ಳಿಗೆ ಒಯ್ಯಬೇಕು."

"ಅಕಿ ಇಲ್ಲೇ ಇರಬೇಕು ಅಂದಾಳ."

"ಯಾರ ಮುಂದ ಅಂದಾಳ?"

"ನನ್ನ ಮುಂದ."

"ನಿಮ್ಮ ಮುಂದ ಅಂದದ್ದು ನೀವ ಹೇಳೂದು. ಚಲೋ ಸಾಕ್ಷಿ." ಹೊರಗೆ ಯಾರೋ ನಕ್ಕರು.

ಅಷ್ಟರಲ್ಲಿ ನನ್ನ ಇನ್ನೊಂದು ಬಾಗಿಲೂ ಮುಚ್ಚಿತು. ಮಾಧವನಗರದಲ್ಲಿ ನಮ್ಮ ಸಮಾಜದ ರುದ್ರಭೂಮಿ ನೋಡಿಕೊಳ್ಳುವ ಹಿರಿಯರು ಓಣಿಗೆ ಬಂದವರು, ಟೆಂಪೋ ನೋಡಿ, ಗಂಡನನ್ನು ನೋಡಿ, ನನ್ನನ್ನು ಪಕ್ಕಕ್ಕೆ ಕರೆದರು.

"ಗಂಡ ಜೀವಂತ ಇದ್ದಾನ. ಅಂವ ಬ್ಯಾಡ ಅಂದ್ರ ನಾವು ಗೇಟು ತಗಿಯೂದಿಲ್ಲಪಾ. ನಾಳೆ ಅಂವ ತಹಸೀಲ್ದಾರ ಕಡೆ ಹೋದ್ರ ನಾವು ಎಲ್ಲಿ ಹೋಗೂದು? ಅವನ ಬಾಯಲೇ ಹೂಂ ಅನಿಸು, ಮುಂದಿಂದು ನನಗ ಬಿಡು."

ಹೀಗೆ ನೋಡಿ. ಹೆಣ ನನ್ನ ಕೈಯಲ್ಲಿ, ಹಕ್ಕು ಅವರ ಬಾಯಲ್ಲಿ, ಮಾತು ಸತ್ತವಳ ಹತ್ತಿರ. ಎದುರಿಗೆ ಮಾವಶಿ ಕೂತು ಎಲ್ಲ ಕೇಳಿಸಿಕೊಳ್ಳುತ್ತಿದ್ದಳು. ಅವಳ ಪಂಚಾಯ್ತಿಯಲ್ಲಿ ನಾವು ತಕರಾರು ಹೇಳಲು ಬಂದವರಂತೆ ನಿಂತಿದ್ದೆವು. ಊದುಬತ್ತಿಯ ಹೊಗೆ ಅವಳ ಮುಖದ ಮುಂದೆ ಸುತ್ತಿ ಸುತ್ತಿ ಮೇಲಕ್ಕೆ ಹೋಗುತ್ತಿತ್ತು. ಅದನ್ನು ನೋಡುತ್ತ ಒಂದು ಗಳಿಗೆ ನಾನು ಎಲ್ಲಿದ್ದೇನೆಂಬುದೇ ಮರೆತು, ಅವಳು ಈಗ ಬಾಯಿ ತೆರೆದು ಇಬ್ಬರಿಗೂ ಬೈಯುತ್ತಾಳೆ ಎಂದು ಕಾಯ್ದೆ.

ಆಮೇಲೆ ಹೊಟ್ಟೆಪಾಡಿನ ಬುದ್ಧಿ ಕೆಲಸ ಮಾಡಿತು. ಮಗ ಮಾತಾಡುತ್ತಿದ್ದ: ಮಾನ, ಮನೆತನ, ಊರಿನವರ ಬಾಯಿ. ಅದು ತಟ್ಟಿ ತಟ್ಟಿ ನೋಡುವ ಬಾಗಿಲು. ಹಾಗಾದರೆ ಬೆನ್ನು ಮಾಡಿ ನಿಂತದ್ದು ಯಾವುದಕ್ಕೆ? ಮೊದಲು ನನಗೆ ಹೊಲದ ಮೇಲೆ ಅನುಮಾನ ಬಂತು. ಬದುವಿನ ಮೇಲೆ ಇನ್ನೊಂದು ಗದ್ದಿಗೆ ಬಂದರೆ ಭಾವಕಿಯ ದಾಯಾದಿಗಳ ತಕರಾರಿಗೆ ಅಡ್ಡವಾಗುತ್ತದೆ, ಅದಕ್ಕೇ ಇರಬೇಕು. ಒಂದು ಕಲ್ಲು ಎಸೆದು ನೋಡಿದೆ.

"ಕಾಕಾ, ಹೊಲದ ಗಡಿ ವಾದ ಏನರ ನಡದೈತೇನ್ರಿ?"

"ಎಲ್ಲಿ ವಾದಪಾ? ಹೊಲಾ ಬರೋಬರಿ ಐತಿ."

ಕಣ್ಣು ಅಲುಗಲಿಲ್ಲ. ಅಲ್ಲಿ ಏನೂ ಇಲ್ಲ. ನಾನು ಸೋತೆ ಅನ್ನಿಸಿತು. ಆಗ ವೈನಿ, ಚಹಾದ ಬಟ್ಟಲು ತಂದು ಕಾಕಾನ ಕೈಗೆ ಕೊಡುತ್ತ, ತನ್ನ ಮನೆಯವರನ್ನು ಮಾತಾಡಿಸಿದಷ್ಟು ಸಲೀಸಾಗಿ ಕೇಳಿದಳು:

"ಸೊಸಿಗೆ ಎಷ್ಟನೇ ತಿಂಗಳಾಗ ಬಿತ್ತು ಈಗ? ಹ್ವಾದ ಸಲ ಬಂದಾಗ ಹೇಳಿದ್ರಿ ಅಲಾ."

ಹೋದ ಸಲ ಬಂದಾಗ. ನಾನು ವೈನಿಯ ಮುಖ ನೋಡಿದೆ. ಅವಳು ಗಾಬರಿಯಾಗಲಿಲ್ಲ. ನಾನು ಅಂಗಡಿ ಹಾಕಿ ಬೇರೆ ಇರತೊಡಗಿದ ಮೇಲೆ, ಕಾಕಾ ವರ್ಷಕ್ಕೊಮ್ಮೆ, ಹೊಸ ಜೋಳ ಬಂದಾಗ, ಒಂದು ಚೀಲ ಹೊತ್ತು ಬರುತ್ತಿದ್ದರಂತೆ. ಮಾವಶಿ ಚೀಲ ತೆಗೆದುಕೊಂಡು, ಹೊಸ್ತಿಲ ಆಚೆಯೇ ನಿಲ್ಲಿಸಿ, ಚಹಾ ಕೊಟ್ಟು, ಬಟ್ಟಲು ಇಸಿದುಕೊಂಡು ಕಳಿಸುವಳಂತೆ. ನನಗೆ ಒಂದು ದಿನವೂ ಹೇಳಿರಲಿಲ್ಲ. ಓಣಿಗೆಲ್ಲ ಗೊತ್ತಿತ್ತು.

ಕಾಕಾ ಚಹಾ ಕುಡಿಯಲಿಲ್ಲ. "ಏಳರಾಗ ಐತಿ ಸೊಸಿಗೆ," ಎಂದರು. ಆಮೇಲೆ ನನ್ನ ಕಡೆ ತಿರುಗದೆ, ಕೂತವಳ ಕಡೆ ನೋಡುತ್ತ ಹೇಳಿದರು: "ಮೊದಲಿಂದು ನಿಲ್ಲಲಿಲ್ಲ. ಈಗ ಇದು. ಮುಂಜಾನೆ ಹುಡುಗರು ಗಡಬಡಿಸಿ ಕುಣಿ ತೋಡಿ ಬಿಟ್ಟರು. ನಾನೂ ಬ್ಯಾಡ ಅನಲಿಲ್ಲ. ಅದು ಬಾಯಿ ತಕ್ಕೊಂಡು ಕುಂತೈತಿ ಅಲ್ಲೆ. ತೋಡಿದ ಕುಣಿ ಖಾಲಿ ಬಿಡಬಾರದು. ಖಾಲಿ ಬಿಟ್ರ ಮನ್ಯಾಗಿಂದ ಒಂದು ಜೀವಾ ಕೇಳತೈತಿ."

ಮಗ ನೆಲ ನೋಡುತ್ತಿದ್ದ. ಆಗ ನನಗೆ ಅವನ ಸಿಟ್ಟು ಎಲ್ಲಿಂದ ಬಂದದ್ದು ಎಂದು ಕಂಡಿತು. ಬಸುರಿ ಹೆಂಡತಿಯ ಕಣ್ಣಿಗೆ ಆ ಕುಣಿ ಬೀಳಬಾರದೆಂದು ಅವಳನ್ನು ಮುಂಜಾನೆಯೇ ಮನೆಯೊಳಗೆ ಕೂಡಿಸಿ, ಹೊರಗಿನಿಂದ ಚಿಲಕ ಹಾಕಿ ಬಂದಿದ್ದನಂತೆ.

ಇಂಥದ್ದನ್ನು ನಂಬುತ್ತೀರಾ ಎಂದು ನನ್ನನ್ನು ಕೇಳಬೇಡಿ. ಎದುರಿನವನ ಭಯವನ್ನು ಖೋಟಾ ನಾಣ್ಯ ಎಂದು ಬದಿಗೆ ಎಸೆದರೆ ಚೌಕಾಶಿ ಅಲ್ಲಿಗೇ ಮುರಿಯುತ್ತದೆ. ಅವನಿಗೆ ಅದು ನಿಜವಾದರೆ, ಕೂತ ಮಾತಿನ ಮಟ್ಟಿಗೆ ನನಗೂ ನಿಜ.

"ಕಾಕಾ," ಎಂದೆ, "ನಿಮಗ ಮಾವಶಿ ಬೇಕೋ, ಕುಣಿ ತುಂಬೂದು ಬೇಕೋ?"

ಓಣಿಯ ಕೊನೆಯಲ್ಲಿ ಹಳೇ ಕಬ್ಬಿಣ ಕೊಳ್ಳುವ ಭಂಗಾರದವನು ಕೂಗುತ್ತ ಹೋದ. ಕೊನೆಗೆ ಅವರು ಕೇಳಿದ್ದು ನನ್ನ ಪ್ರಶ್ನೆಗೆ ಉತ್ತರವಲ್ಲ.

"ಅಕಿ ಖರೇ ಹಂಗ ಅಂದಿದ್ಲೇನು? ಅಲ್ಲಿ ಬ್ಯಾಡ ಅಂತ?"

ಇಲ್ಲಿ ಸುಳ್ಳು ಹೇಳಿದ್ದರೆ ಸುಲಭವಿತ್ತು. ಆದರೆ ಅವಳು ಅಷ್ಟು ಹತ್ತಿರ ಕೂತಿದ್ದಳು. "ಅಂದಿದ್ಲು," ಎಂದೆ. "ಬದುವಿನ ಮ್ಯಾಲೆ ಇನ್ನೊಬ್ಬಾಕಿ ಬಾಜೂಕ ಆಗೂದಿಲ್ಲ ಅಂದಿದ್ಲು."

ಕಾಕಾನ ಮುಖದಲ್ಲಿ ಅರ್ಧ ನಗೆಯಂಥದ್ದು ಬಂತು. "ಹೂಂ. ನನ್ನ ಮುಂದೂ ಹಂಗ ಅಂದಿದ್ಲು. ಚಹಾ ಕೊಟ್ಟ ಹೇಳಿದ್ಲು. ಚ್ಯಾಷ್ಟಿ ಮಾಡಾಕತ್ತಾಳ ಅಂತ ತಿಳಕೊಂಡಿದ್ನಿ."

ಮಗ ತಲೆ ಎತ್ತಿ, "ಅಪ್ಪಾ," ಎಂದ.

"ಸುಮ್ನಿರು. ಸಾಕ್ಷಿ ಕೇಳಿದಿ ಅಲಾ, ನಾನ ಸಾಕ್ಷಿ." ಆಮೇಲೆ ನನಗೆ: "ನೀ ಹೇಳಪಾ ವ್ಯಾಪಾರಿ. ಕುಣಿಗೆ ಏನು ಮಾಡ್ತಿ?"

ವಿಧಿ ನಡೆಸಲು ಬಂದಿದ್ದ ಓಣಿಯ ಅಯ್ಯನವರನ್ನು ಕೇಳಿದೆವು. ವಯಸ್ಸಾದವರು, ಮೆಲ್ಲಗೆ ಮಾತಾಡುವವರು. "ಶಾಸ್ತ್ರದಾಗ ನನಗ ಗೊತ್ತಿಲ್ಲ," ಎಂದರು, "ಹಳ್ಳ್ಯಾಗ ಸತ್ತವರ ಮೈಗೆ ಹತ್ತಿದ್ದು ಏನರ ಒಂದು ಇಟ್ಟು ಮುಚ್ಚತಾರ. ಅಕಿದಾಗಿರಬೇಕು ಅಷ್ಟ. ಅಂಗಡ್ಯಾಗಿಂದು ನಡಿಯೂದಿಲ್ಲ." ಇದನ್ನು ನನ್ನ ಕಡೆ ನೋಡಿ ಹೇಳಿದರು.

ನಾನು ಸೀರೆ ಎಂದೆ, ತಂಬಿಗೆ ಎಂದೆ. ಕಾಕಾ ತಲೆಯಾಡಿಸಲಿಲ್ಲ. ಚಹಾದ ಬಟ್ಟಲನ್ನು ಹೊರಗೆ ಕಟ್ಟೆಯ ಮೇಲೆ ಇಟ್ಟು, ಚಪ್ಪಲಿ ಬಿಟ್ಟು, ಮೊದಲ ಸಲ ಆ ಹೊಸ್ತಿಲು ದಾಟಿ ಒಳಗೆ ಬಂದರು. ಮಾವಶಿಯ ಮುಂದೆ ನಿಲ್ಲಲಿಲ್ಲ, ಪಕ್ಕದಿಂದ ಹಾದು ಒಲೆಯ ಕಡೆ ಹೋದರು. ಕತ್ತಲಲ್ಲಿ ನಡೆಯುವವರ ಹಾಗೆ ಗೋಡೆಗೆ ಕೈ ಇಟ್ಟುಕೊಂಡು, ಒಂದೊಂದನ್ನೇ ನೋಡುತ್ತ ಹೋದರು. ಡಬ್ಬಿಗಳು, ಕನ್ನಡಿ, ದೇವರ ಗೂಡು. ನಲವತ್ತು ವರ್ಷದ ಸಂಸಾರವನ್ನು ಅವರು ಆ ಒಂದು ಸುತ್ತಿನಲ್ಲಿ ಮುಗಿಸುತ್ತಿದ್ದಾರೆ ಅನ್ನಿಸಿತು. ಒಲೆಯ ಮುಂದೆ ಅವಳು ರೊಟ್ಟಿ ಬಡಿಯುವಾಗ ಕೂಡುತ್ತಿದ್ದ ಮಣೆ ಇತ್ತು. ಗಿಡ್ಡ ಮಣೆ, ನಡುವೆ ಸವೆದು ತಗ್ಗು ಬಿದ್ದದ್ದು. ಅದನ್ನು ಎತ್ತಿಕೊಂಡರು.

"ಇದು ನಮ್ಮ ಮನಿದ," ಎಂದರು. "ಬರೂ ಮುಂದ ಗಂಟಿನಾಗ ಕಟಗೊಂಡು ಬಂದಾಳ. ನಮ್ಮವ್ವ ಊರೆಲ್ಲಾ ಹುಡುಕಿಸಿದ್ಲು."

ಒಳ್ಳೇ ಹೊನ್ನೆಯ ಹಲಗೆ ಅದು. ಇಷ್ಟು ವರ್ಷ ಕಣ್ಣ ಮುಂದೆ ಇದ್ದರೂ ನನಗೆ ಕಂಡಿರಲಿಲ್ಲ. ಬಾಯಿಗೆ ಬಂದ ಆ ಮಾತನ್ನು ನುಂಗಿಕೊಂಡೆ.

ಮುಂದಿನ ಮಾತು ಬೇಗ ಮುಗಿಯಿತು. ಜಾಗ ಮಾವಶಿ ಹೇಳಿದ್ದು. ಮೊದಲ ಮಣ್ಣು ಕೊಡುವುದು ಗಂಡನಾಗಿ ಕಾಕಾ. ಮಣೆ ಖಂಡೇರಾಜುರಿಗೆ. ಹೊತ್ತು ಮುಳುಗುವ ಮೊದಲು ಆ ಕುಣಿ ಮುಚ್ಚಬೇಕು, ನಾನೂ ಜೊತೆಗೆ ಹೋಗಬೇಕು. ಕಾಕಾ ಓಣಿಗೆ ಬಂದು, ರುದ್ರಭೂಮಿಯ ಹಿರಿಯರ ಎದುರಿಗೆ, ಎಲ್ಲರಿಗೂ ಕೇಳುವ ಹಾಗೆ ಅಂದರು: "ಇಲ್ಲೇ ಆಗಲಿ. ನನ್ನ ಒಪ್ಪಿಗಿ ಐತಿ." ಹಿರಿಯರು ಹೂಂ ಎಂದು ಗೇಟು ತೆಗೆಸಲು ಹೋದರು.

ನಾಲ್ವರು ಹೊತ್ತ ಬಿದಿರಿನ ವಿಮಾನದಲ್ಲಿ ಮಾವಶಿ ಕೂತು ಓಣಿಯಿಂದ ಹೊರಟಳು. ಮುಚ್ಚಿಹೋದ ಗಿರಣಿಯ ಉದ್ದ ಗೋಡೆಯ ಪಕ್ಕದಲ್ಲಿ ಮೆರವಣಿಗೆ ಹೋಯಿತು. ಎಷ್ಟೋ ವರ್ಷ ಪಾಳಿಗೆ ಓಡಿದ ರಸ್ತೆಯಲ್ಲಿ ಅವತ್ತು ಎಲ್ಲರಿಗಿಂತ ಎತ್ತರದಲ್ಲಿ, ಯಾವ ಅವಸರವಿಲ್ಲದೆ, ಝಾಂಜಿನ ತಾಳಕ್ಕೆ ಸ್ವಲ್ಪ ಸ್ವಲ್ಪ ತಲೆದೂಗುತ್ತ. ಚೆಂಡುಹೂವಿನ ಎಸಳು ಬೀಳುತ್ತಿದ್ದವು. ನನಗೆ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಕುಣಿಯಲ್ಲಿ ಇಳಿಸಿದಾಗ ಕಾಕಾ ಬಾಗಿ, ಬಿಲ್ವಪತ್ರೆ ಹಾಕಿ, ಒಂದು ಹಿಡಿ ಮಣ್ಣು ಹಿಡಿದು ಬಹಳ ಹೊತ್ತು ಹಾಗೇ ಇದ್ದರು. ಮಗ ಮೊಣಕೈ ಮುಟ್ಟಿದ ಮೇಲೆ ಬೆರಳು ಬಿಡಿಸಿದರು. ಆಮೇಲೆ ನಾನು, ಆಮೇಲೆ ಓಣಿಯವರು.

ನಳದ ನೀರು ಮೈಮೇಲೆ ಸುರುವಿಕೊಂಡು, ಒದ್ದೆ ಬಟ್ಟೆಯಲ್ಲೇ ಟೆಂಪೋ ಹತ್ತಿದೆವು. ಮಿರಜ ದಾಟಿದ ಮೇಲೆ ಬಿಸಿಲು ಹಳದಿಯಾಯಿತು. ದ್ರಾಕ್ಷಿ ತೋಟಗಳ ಸಾಲುಗಳು ಬೀಸಣಿಗೆಯಂತೆ ತೆರೆದು ಮುಚ್ಚಿ ಹಿಂದೆ ಸರಿಯುತ್ತಿದ್ದವು. ಮಣೆ ಕಾಕಾನ ತೊಡೆಯ ಮೇಲಿತ್ತು. ಅದರ ತಗ್ಗಿನಲ್ಲಿ ಅವರು ಅಂಗೈ ಇಟ್ಟುಕೊಂಡು ನಿದ್ದೆ ಹೋಗಿದ್ದರು. ಮಗ ನನ್ನ ಪಕ್ಕದಲ್ಲಿ ಕೂತು, "ದಾದಾ, ಬ್ಯಾಸರ ಮಾಡಕೋಬ್ಯಾಡ್ರಿ," ಎಂದ. ಹೆಂಡತಿಯನ್ನು ಮಿರಜದ ಒಳ್ಳೇ ಡಾಕ್ಟರಿಗೆ ತೋರಿಸು, ಹೆಸರು ಬರೆಸಿಡು, ಕೊನೇ ತಿಂಗಳಿಗೆ ಕಾಯಬೇಡ ಎಂದು ನಾನು ಬುದ್ಧಿ ಹೇಳಿದೆ. ಹೇಳದಿದ್ದರೆ ನನಗೆ ನಿದ್ದೆ ಬರುತ್ತಿರಲಿಲ್ಲ.

ಹೊಲ ಮನೆಯ ಹಿಂದೆಯೇ. ಕುಣಿ ಬದುವಿನ ಈಚೆಗೆ, ಚೊಕ್ಕ ಚೌಕಾಗಿ ತೋಡಿದ್ದರು, ಕೆಲಸ ಬಲ್ಲವರು. ಕೆಳಗೆ ಇಳಿದ ಮಗನಿಗೆ ಮಣೆಯನ್ನು ಹೇಗೆ ಇಡಬೇಕೆಂದು ತಿಳಿಯಲಿಲ್ಲ. ಮಲಗಿಸಿ ಇಡಬೇಕೆಂದು ಒಬ್ಬ, ನಿಲ್ಲಿಸಿ ಎಂದು ಇನ್ನೊಬ್ಬ. ಕಾಕಾ ಮೇಲಿನಿಂದ ನೋಡಿ ಹೇಳಿದರು: "ಅಕಿ ಕುಂದ್ರೂವಂಗ ಇಡು. ಮನಿ ಕಡೆ ಮಾರಿ ಬ್ಯಾಡ, ರಸ್ತೆದ ಕಡೆ ಇಡು." ಹಾಗೆಯೇ ಇಟ್ಟರು. ಮಣ್ಣು ಎಳೆದರು. ಕಪ್ಪು ಮಣ್ಣು, ಹಗುರ ಸದ್ದು. ನೆಲ ಸಮವಾಗುವ ಹೊತ್ತಿಗೆ ಸೂರ್ಯ ಕಬ್ಬಿನ ತುದಿಯಲ್ಲಿದ್ದ. ಮಗ ಕೈಕಾಲು ತೊಳೆದುಕೊಂಡು, ಹೆಚ್ಚೂಕಡಿಮೆ ಓಡುತ್ತ ಮನೆಗೆ ಹೋಗಿ ಚಿಲಕ ತೆಗೆದ.

ಸೊಸೆ ಹೊರಗೆ ಬಂದಳು. ಸಣ್ಣ ವಯಸ್ಸು, ತುಂಬಿದ ಹೊಟ್ಟೆ, ದಿನವಿಡೀ ಕತ್ತಲಲ್ಲಿ ಕೂತ ಕಣ್ಣು ಕಿರಿದು ಮಾಡಿಕೊಂಡು ನಮ್ಮನ್ನು, ಹೊಸ ಮಣ್ಣನ್ನು ನೋಡಿದಳು. ಹೆದರಿದಳೋ ಏನೋ, ಒಂದು ಗಳಿಗೆ ನಿಂತಳು. ಆಮೇಲೆ ಕೊಡ ಎತ್ತಿಕೊಂಡು, ಬದುವಿನ ಪಕ್ಕದ ಕಾಲುದಾರಿಯಲ್ಲಿ ನಮ್ಮ ಮುಂದೆಯೇ ಹಾಯ್ದು ಬೋರಿನ ಕಡೆಗೆ ನಡೆದಳು. ಗಂಡಸರೆಲ್ಲ ಉಸಿರು ಹಿಡಿದು ನೋಡುತ್ತಿದ್ದೆವು. ಕಾಕಾ ಕುತ್ತಿಗೆಯ ಟವೆಲ್‌ನಿಂದ ಮುಖ ಒರೆಸಿಕೊಂಡರು.

"ಕೊಡಾ ಅರ್ಧ ತುಂಬು ಅನ್ನು ಅಕಿಗೆ," ಎಂದರು ಮಗನಿಗೆ. "ತುಂಬಿದ್ದು ಎತ್ತಬ್ಯಾಡ ಅನ್ನು."